ಎರಡನೇ ಏಟು

ಒಂದು ಮಗುವಿನ ದವಡೆ ಮುರಿದ ಮೇಲೆ ನನಗೆ ನನ್ನ ರೋಗದ ಹೆಸರು ಗೊತ್ತಾಯಿತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಗೆ ಇಟ್ಟುಕೊಂಡರೆ ಅಷ್ಟರಲ್ಲಿ ನೀವು ನನ್ನ ಮೇಲೆ ಕನಿಕರ ಪಟ್ಟುಬಿಟ್ಟಿರುತ್ತೀರಿ. ಆ ಕನಿಕರ ನನಗೆ ಈಗಾಗಲೇ ಹೊಟ್ಟೆ ತುಂಬ ಸಿಕ್ಕಿದೆ.

ನಾನು ಮಹಾದೇವಿ. ಸಿಂಧನೂರಿನಲ್ಲಿ ಹುಡುಗಿಯರಿಗೆ ಕರಾಟೆ ಕಲಿಸುತ್ತಿದ್ದೆ. ಮತ್ತೆ ಕಲಿಸಬೇಕೋ ಬೇಡವೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಗಂಡ ಅಮರೇಶ ಅಕ್ಕಿ ಗಿರಣಿಗಳ ಮೋಟರ್ ರಿಪೇರಿ ಮಾಡುವವನು. ಅವನ ಪರಿಚಯದಿಂದಲೇ, ನಿಂತುಹೋದ ಗಿರಣಿಯೊಂದರ ಭತ್ತ ಒಣಗಿಸುವ ಸಿಮೆಂಟ್ ಕಣ ನಮ್ಮ ಕ್ಲಾಸಿಗೆ ಸಿಕ್ಕಿತ್ತು. ವಾರಕ್ಕೆರಡು ದಿನ ಮಸ್ಕಿಯ ಹಾಸ್ಟೆಲ್ ಹುಡುಗಿಯರಿಗೂ ಹೇಳಿಕೊಡಲು ಬಸ್ಸು ಹತ್ತುತ್ತಿದ್ದೆ. ಥೈರಾಯ್ಡ್ ಎಂದರೆ ದಪ್ಪಗಾಗುವ ಹೆಂಗಸರ ಕಾಯಿಲೆ ಎಂದು ಎಲ್ಲರಂತೆ ನಾನೂ ತಿಳಿದಿದ್ದೆ. ತೆಳ್ಳಗಾಗುವವರ, ಕೈ ನಡುಗುವವರ, ಸಿಕ್ಕವರಿಗೆ ಬಾರಿಸುವವರ ಥೈರಾಯ್ಡ್ ಇನ್ನೊಂದಿದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ನಿಮ್ಮಲ್ಲಿ ಯಾರಾದರೂ ನನಗೇನೋ ಹುಚ್ಚು ಹಿಡಿಯುತ್ತಿದೆ ಎಂದು ಬಾಯಿ ಮುಚ್ಚಿಕೊಂಡು ಕೂತಿದ್ದರೆ, ನಾಳೆಯೇ ಹೋಗಿ ರಕ್ತ ಕೊಟ್ಟು ಬನ್ನಿ. ನೀವೊಬ್ಬರೇ ಅಲ್ಲ.

ಬೇರೆ ಯಾರಿಗಾದರೂ ಆಗಿದ್ದರೆ ಇದು ಒಂದೆರಡು ತಿಂಗಳಲ್ಲಿ ಪತ್ತೆಯಾಗುತ್ತಿತ್ತು. ನನಗೆ ಇದು ಬಹುಮಾನ ತಂದುಕೊಟ್ಟಿತು. ರೊಟ್ಟಿ ಮೇಲೆ ರೊಟ್ಟಿ ತಿಂದರೂ ಮೈ ಇಳಿಯುತ್ತಿತ್ತು. ಕರಾಟೆ ಪಂದ್ಯದಲ್ಲಿ ತೂಕ ನೋಡಿ ಗುಂಪು ಮಾಡುತ್ತಾರೆ. ಕೆಳಗಿನ ಗುಂಪಿಗೆ ಇಳಿದರೆ ಎದುರಿಗೆ ಸಣ್ಣ ಆಳು ಸಿಗುತ್ತದೆ ಎಂದು ಹುಡುಗಿಯರು ಹಿಂದಿನ ದಿನ ನೀರು ಬಿಟ್ಟು, ನಮ್ಮೂರ ಬಿಸಿಲಲ್ಲಿ ಸ್ವೆಟರ್ ಹಾಕಿಕೊಂಡು ಹಗ್ಗ ಜಿಗಿಯುತ್ತಾರೆ. ನಾನು ಒಗ್ಗರಣೆ ಮಂಡಕ್ಕಿಯ ಜೊತೆ ನಾಲ್ಕು ನಾಲ್ಕು ಮಿರ್ಚಿ ಬಜ್ಜಿ ತಿನ್ನುತ್ತಲೇ ಏಳು ಕಿಲೋ ಇಳಿದೆ. ಹುಡುಗಿಯರು ಅದನ್ನು ತಪಸ್ಸು ಎಂದರು. ಅತ್ತೆ ಶಂಕ್ರಮ್ಮ ಮಾತ್ರ ರೊಟ್ಟಿ ಬಡಿದು ಬಡಿದು ಸಾಕಾಗಿ, "ನಿನ್ನ ಹೊಟ್ಟ್ಯಾಗ ಇನ್ನ್ಯಾರರ ಕುಂತು ಉಣ್ಣಾಕತ್ತಾರೇನು ನೋಡು ಮಾದೇವಿ" ಎಂದು ಗೊಣಗುತ್ತಿದ್ದಳು.

ಕೈ ನಡುಗಿತು. ಪ್ರಾಕ್ಟೀಸ್ ಸಾಲದು ಎಂದು ಇನ್ನಷ್ಟು ದಂಡ ಹೊಡೆದೆ. ಎದೆ ಢವಢವ ಅಂದಿತು. ದಮ್ಮು ಸಾಲದು ಎಂದು ಗೊರೇಬಾಳದ ದಾರಿ ಹಿಡಿದು ಓಡಿದೆ. ಸೆಕೆ ತಡೆಯಲಾಗುತ್ತಿರಲಿಲ್ಲ, ಆದರೆ ಏಪ್ರಿಲ್ ತಿಂಗಳಲ್ಲಿ ಸಿಂಧನೂರಿನಲ್ಲಿ ಸೆಕೆ ತಡೆಯುವ ಗಂಡಸು ಹೆಂಗಸು ಯಾರಿದ್ದಾರೆ ಹೇಳಿ. ಎಲ್ಲಕ್ಕಿಂತ ಹೆಚ್ಚು ಮೋಸ ಮಾಡಿದ್ದು ಕಣ್ಣು. ಲಿಂಗಸೂಗೂರಿನಲ್ಲಿ ನನಗೆ ಕಲಿಸಿದ ಮಾಸ್ಟರ್ ಹನ್ನೆರಡು ವರ್ಷ ಒಂದೇ ಮಾತಿಗೆ ಬೈದಿದ್ದರು, ಎದುರಿನವರ ಮುಷ್ಟಿ ಬಂದಾಗ ನೀನು ರೆಪ್ಪೆ ಬಡಿಯುತ್ತೀ ಎಂದು. ಆ ಬೇಸಿಗೆಯಲ್ಲಿ ನನ್ನ ಕಣ್ಣು ದೊಡ್ಡವಾದವು. ರೆಪ್ಪೆ ಬಡಿಯುವುದು ಕಡಿಮೆಯಾಯಿತು. ಲಿಂಗಸೂಗೂರಿನ ಪಂದ್ಯದ ದಿನ ಮಾಸ್ಟರ್ ನನ್ನ ಗದ್ದ ಹಿಡಿದೆತ್ತಿ ನೋಡಿ ಕುಣಿದಾಡಿದರು.

"ಈಗ ಬಂತ್ ನೋಡು! ಹನ್ನೆರಡು ವರ್ಷ ಬಡಕೊಂಡೆ. ಇದಕ್ಕ ಅಂತಾರ ನೋಟ!"

ಅವರದೇನೂ ತಪ್ಪಿಲ್ಲ. ನನ್ನ ರೋಗದ ಲಕ್ಷಣಗಳೆಲ್ಲ ನಮ್ಮ ವಿದ್ಯೆಯಲ್ಲಿ ಶಹಬ್ಬಾಸ್ ಎನಿಸಿಕೊಳ್ಳುವ ಗುಣಗಳಾಗಿದ್ದವು.

ಅವತ್ತು ಮೂರು ಹೆಂಗಸರನ್ನು ಹೊಡೆದೆ. ಹೊಡೆದೆ ಎಂದೇ ಬರೆಯುತ್ತೇನೆ, ಗೆದ್ದೆ ಎಂದರೆ ಸುಳ್ಳಾಗುತ್ತದೆ. ನಮ್ಮ ಪದ್ಧತಿಯಲ್ಲಿ ಮುಖಕ್ಕೆ ಹೋಗುವ ಮುಷ್ಟಿ ಚರ್ಮ ಮುಟ್ಟುವ ಮೊದಲೇ ನಿಲ್ಲಬೇಕು, ಅದಕ್ಕೆ ಪಾಯಿಂಟ್. ಹಾಗೆ ನಿಲ್ಲಿಸುವುದನ್ನು ಕಲಿಯಲಿಕ್ಕೇ ವರ್ಷಗಟ್ಟಲೆ ಬೇಕು. ಒದೆಯುವುದೇನು, ಕತ್ತೆಗೂ ಬರುತ್ತದೆ. ಮೊದಲನೆಯವಳ ತುಟಿ ಸೀಳಿತು, ಎರಡನೆಯವಳ ಮೂಗಿನಿಂದ ರಕ್ತ ಬಂತು. ಮೂರನೆಯವಳು ಹೊಟ್ಟೆ ಹಿಡಿದುಕೊಂಡು ಕೂತವಳು ಏಳಲೇ ಇಲ್ಲ. ರೆಫರಿ ಎರಡು ಸಲ ಎಚ್ಚರಿಕೆ ಕೊಟ್ಟು, ಕೊನೆಗೆ ನನ್ನ ಕೈಯನ್ನೇ ಮೇಲಕ್ಕೆತ್ತಿದ. ನಡುಗುವ ಆ ಕೈಯನ್ನು ನೋಡಿ ಜನ, ಗೆದ್ದ ಸಂತೋಷಕ್ಕೆ ನಡುಗುತ್ತಿದೆ ಎಂದುಕೊಂಡರು. ರಾಜ್ಯ ಮಟ್ಟಕ್ಕೆ ಆಯ್ಕೆಯಾದೆ.

ಆಮೇಲೆ ಕಣದ ಹೊರಗೂ ಶುರುವಾಯಿತು. ಮಸ್ಕಿಯಿಂದ ಬರುವ ಬಸ್ಸಿನಲ್ಲಿ ಹಿಂದೆ ನಿಂತವನೊಬ್ಬ ಮೈಗೆ ಮೈ ಒತ್ತಿದ. ಅವನ ಎರಡು ಬೆರಳು ಹಿಡಿದು ಮುರಿದೆ. ಬಸ್ಸಿಗೆ ಬಸ್ಸೇ ಚಪ್ಪಾಳೆ ತಟ್ಟಿತು. ಕಂಡಕ್ಟರ್, "ಅಕ್ಕಾರ, ಇಂಥಾರು ಬಸ್ಸಿಗೊಬ್ರು ಇರಬೇಕ್ರಿ" ಎಂದ. ಬೆರಳು ಮುರಿದ ಮೇಲೂ ಎರಡು ಸ್ಟಾಪು ಬರುವವರೆಗೆ ನಾನು ಅದನ್ನು ತಿರುವುತ್ತಲೇ ಇದ್ದೆ. ಅವನು ಕೈ ಮುಗಿದು ಅಳುತ್ತಿದ್ದ. ಅದನ್ನು ಯಾರೂ ಗಮನಿಸಲಿಲ್ಲ.

ಮನೆಯಲ್ಲಿ ಒಂದು ಬೆಳಿಗ್ಗೆ ಅಮರೇಶ ಗಾಜಿನ ಬಸಿಗೆ, ಅಂದರೆ ಸಾಸರಿಗೆ, ಚಹಾ ಸುರಿದುಕೊಂಡು ಸೊರ್ ಎಂದು ಹೀರಿದ. ಮದುವೆಯಾದ ಹದಿನಾಲ್ಕು ವರ್ಷದಿಂದ ಹಾಗೇ ಹೀರುತ್ತಿದ್ದಾನೆ. ಅವತ್ತು ಆ ಸಪ್ಪಳಕ್ಕೆ ನನ್ನ ಮೈಯೆಲ್ಲ ಉರಿ ಎದ್ದು, ಬಸಿಯ ಸಮೇತ ಅವನ ಮುಖಕ್ಕೆ ಬಾರಿಸಿದೆ. ಗಾಜಿನ ಚೂರು ಕೆನ್ನೆ ಸೀಳಿತು. ಅವನು ಗಾಯಕ್ಕೆ ಟವೆಲ್ ಒತ್ತಿಕೊಂಡ.

"ಚಹಾ ಕುಡಿಯಾಕೂ ಪಾಯಿಂಟ್ ಇಟ್ಟೀಯೇನು?" ಎಂದು ಕೇಳಿದ. ನಗಿಸಬೇಕೆಂದೇ ಕೇಳಿದ್ದ. ಅತ್ತೆ ಬಾಗಿಲ ಹಿಂದೆ ನಿಂತಿದ್ದಳು. "ಅಕಿಗಿ ಗಾಳಿ ಸೋಕೈತಿ ನೋಡಪ್ಪ, ನಿಂಬಿಹಣ್ಣು ಇಳಿಸು" ಎಂದಳು. ನಾನು ಅವಳ ಕಡೆ ತಿರುಗಿದ್ದಕ್ಕೇ ಅವಳು ಅಡುಗೆಮನೆಗೆ ಓಡಿದಳು. ಅರವತ್ತೈದರ ಮುದುಕಿ ಸೊಸೆಗೆ ಹೆದರಿ ಓಡುವುದನ್ನು ನಾನು ಮೊದಲ ಸಲ ನೋಡಿದ್ದು ನನ್ನ ಮನೆಯಲ್ಲೇ.

ಇನ್ನು ರೇಣುಕಾಳ ವಿಷಯ. ಗೊರೇಬಾಳದ ಹುಡುಗಿ, ಒಂಬತ್ತನೇ ತರಗತಿ. ತಾಯಿ ಹುಲಿಗೆಮ್ಮ ಗಂಡನಿಲ್ಲದ ಹೆಂಗಸು, ಕಾಲುವೆಗೆ ನೀರು ಬಿಟ್ಟಾಗ ಭತ್ತದ ನಾಟಿಗೆ ಹೋಗುವವಳು. ಮಗಳನ್ನು ಮೊದಲ ದಿನ ಆಟೋದಲ್ಲಿ ಕರೆತಂದು, "ಯಾರರ ಮೈಮ್ಯಾಲೆ ಬಂದ್ರ ತಿರುಗಿ ನಿಲ್ಲಂಗ ಕಲಸ್ರಿ ಮಿಸ್" ಎಂದಿದ್ದಳು. ಮೂರು ವರ್ಷದಲ್ಲಿ ರೇಣುಕಾ ನನ್ನ ಕೈಕೆಳಗಿನ ಎಲ್ಲರಿಗಿಂತ ಚುರುಕಾದಳು. ಬಾಯಿ ಕಡಿಮೆ, ಕೆಲಸ ಹೆಚ್ಚು. ಬೆಲ್ಟ್ ಪರೀಕ್ಷೆ ಹತ್ತಿರ ಬಂದಿದ್ದರಿಂದ ಒಂದು ಸಂಜೆ ಅವಳನ್ನು ಎದುರಿಗೆ ನಿಲ್ಲಿಸಿಕೊಂಡು ಫೈಟ್ ತೋರಿಸುತ್ತಿದ್ದೆ. ಸುತ್ತ ಹತ್ತು ಹನ್ನೊಂದು ಹುಡುಗಿಯರು ಕೂತಿದ್ದರು.

ರೇಣುಕಾ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಮುಷ್ಟಿ ಬಿಟ್ಟಳು. ನನ್ನ ಕೆನ್ನೆಯ ಮುಂದೆ, ಕೂದಲೆಳೆಯಷ್ಟು ದೂರದಲ್ಲಿ, ಅದು ನಿಂತಿತು. ಅಚ್ಚುಕಟ್ಟಾದ ಪಾಯಿಂಟ್. ನಾನೇ ಕಲಿಸಿದ್ದು. ಹುಡುಗಿಯರು ಹೋ ಎಂದು ಚಪ್ಪಾಳೆ ತಟ್ಟಿದರು. ನಾನೂ ತಟ್ಟಬೇಕಿತ್ತು.

ನನ್ನ ಬಲಮುಷ್ಟಿ ಹೊರಟಿತು. ನಿಲ್ಲಬೇಕಾದ ಕಡೆ ನಿಲ್ಲಲಿಲ್ಲ. ಒಣ ಕಟ್ಟಿಗೆ ಮುರಿದ ಸಪ್ಪಳ ಬಂತು. ರೇಣುಕಾ ಗಿರ್ರನೆ ತಿರುಗಿ ಮೊಣಕಾಲ ಮೇಲೆ ಬಿದ್ದಳು. ಬಾಯಿಂದ ರಕ್ತ ಸುರಿಯಿತು, ಒಂದು ಹಲ್ಲು ಸಿಮೆಂಟಿನ ಮೇಲೆ ಬಿತ್ತು. ಅವಳು ಅಳಲಿಲ್ಲ, ತಲೆ ಎತ್ತಿ ನನ್ನನ್ನು ನೋಡಿದಳು. ನಾನೂ ನೋಡಿದೆ. ರಕ್ತ ಕಂಡಿತು, ಹಲ್ಲು ಕಂಡಿತು, ಇವಳು ರೇಣುಕಾ ಎಂಬುದೂ ಚೆನ್ನಾಗಿ ಕಂಡಿತು. ಆಮೇಲೆ ಒದ್ದೆ. ಬಲಗಾಲಿನಿಂದ, ಪಕ್ಕೆಲುಬಿಗೆ, ಪೂರ್ತಿ ಸೊಂಟ ತಿರುಗಿಸಿ ಒದ್ದೆ. ಒದ್ದಾಗ ನನಗೆ ಹಾಯೆನಿಸಿತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಬರೆಯದೆ ಬಿಟ್ಟರೆ ಉಳಿದದ್ದನ್ನೆಲ್ಲ ಯಾಕೆ ಬರೆಯಬೇಕು?

ಕ್ಲಾಸಿನ ಹುಡುಗಿಯರಲ್ಲಿ ಹೆಚ್ಚಿನವರು ನನ್ನ ಬೆನ್ನ ಹಿಂದೆ ಇದ್ದರು. ಕಂಡವರು ಇಬ್ಬರೋ ಮೂವರೋ ಇರಬೇಕು. ಅವರು ಇವತ್ತಿನವರೆಗೂ ಬಾಯಿ ಬಿಟ್ಟಿಲ್ಲ. ಮಿಸ್ ಎದುರು ಬಾಯಿ ಬಿಡಬಾರದು ಎಂದು ಕಲಿಸಿದವಳೂ ನಾನೇ.

ಸಿಂಧನೂರಿನ ಆಸ್ಪತ್ರೆಯಲ್ಲಿ ನೋಡಿ ರಾಯಚೂರಿಗೆ ಕಳಿಸಿದರು. ದವಡೆ ಎರಡು ಕಡೆ ಮುರಿದಿತ್ತು. ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ತಂತಿ ಬಿಗಿದು ಬಾಯಿ ಮುಚ್ಚಬೇಕು, ಒಂದೂವರೆ ತಿಂಗಳು ಗಂಜಿ, ಹಾಲು, ಮಾತಿಲ್ಲ ಎಂದರು. ಇದು ಹೇಗಾಯಿತು, ಪೊಲೀಸರಿಗೆ ತಿಳಿಸಬೇಕಾಗುತ್ತದೆ ಎಂದು ಡಾಕ್ಟರು ಕೇಳಿದಾಗ ನಾನು ಬಾಯಿ ತೆರೆಯುವ ಮೊದಲೇ ಹುಲಿಗೆಮ್ಮ ಮುಂದೆ ಬಂದಳು. ಹೊಲದಿಂದ ಹಾಗೇ ಓಡಿ ಬಂದಿದ್ದಳು, ಸೀರೆಯ ಅಂಚು ಕೆಸರಾಗಿತ್ತು.

"ಆಟದಾಗ ತಾಗೈತ್ರಿ ಸಾಹೇಬ್ರ. ಕೇಸು ಗೀಸು ಬ್ಯಾಡ್ರಿ. ಮಿಸ್ ನನ್ನ ಮಗಳನ್ನ ಹೊಟ್ಟಿ ಮಗಳಂಗ ನೋಡ್ಕೊಂತಾರ."

ಸ್ಟ್ರೆಚರಿನ ಮೇಲಿದ್ದ ರೇಣುಕಾ ನನ್ನನ್ನೇ ನೋಡುತ್ತಿದ್ದಳು. ನಾನು ಹೌದೆಂದು ತಲೆ ಆಡಿಸಿದೆ.

ಮರುದಿನ ಬೆಳಿಗ್ಗೆ ಸಾಕ್ಷಿ ಸಹಿ ಮಾಡಲು ಫಾರ್ಮ್ ಕೊಟ್ಟಾಗ ನನ್ನ ಕೈ ಎಷ್ಟು ನಡುಗಿತೆಂದರೆ ಪೆನ್ನು ಕಾಗದ ಹರಿಯಿತು. ದವಡೆಯ ಡಾಕ್ಟರು ಫಾರ್ಮ್ ಬಿಟ್ಟು ನನ್ನ ಕಣ್ಣು ನೋಡಿದರು, ಕುತ್ತಿಗೆ ನೋಡಿದರು, ಮುಂಗೈ ಹಿಡಿದು ನಾಡಿ ಎಣಿಸಿದರು. "ಅಮ್ಮಾ, ನೀವು ಯಾರಿಗಾದರೂ ತೋರಿಸಿಕೊಂಡಿದ್ದೀರಾ?" ಎಂದು ಕೇಳಿದರು. ನನಗೇನಾಗಿದೆ, ಹುಡುಗಿಯನ್ನು ನೋಡಿ ಎಂದು ರೇಗಿದೆ. "ಹುಡುಗಿಯನ್ನು ನಾನು ನೋಡುತ್ತೇನೆ. ನೀವು ಮೇಲಿನ ಮಹಡಿಗೆ ಹೋಗಿ ರಕ್ತ ಕೊಡಿ" ಎಂದು ಚೀಟಿ ಬರೆದುಕೊಟ್ಟರು.

ಮೇಲಿನ ಮಹಡಿಯ ಬೆಂಚಿನ ಮೇಲೆ ಟೋಕನ್ ಹಿಡಿದು ಕೂತೆ. ಕೆಳಗೆ ಮಗುವಿನ ಬಾಯಿಗೆ ತಂತಿ ಬಿಗಿಯುತ್ತಿದ್ದರು. ನನ್ನ ಪಕ್ಕ ಹಟ್ಟಿಯಿಂದ ಬಂದ ಹೆಂಗಸೊಬ್ಬಳು ಕೂತಿದ್ದಳು, ಗಂಡ ಅಲ್ಲಿನ ಚಿನ್ನದ ಗಣಿಯಲ್ಲಿ ಪಾಳಿ ಕೆಲಸದವನಂತೆ. ಟೋಕನ್ ನನ್ನ ಕೈಯಲ್ಲಿ ಪಟಪಟ ಅನ್ನುತ್ತಿದ್ದುದನ್ನು ನೋಡಿ ಅವಳು ನನ್ನ ಕೈಯನ್ನು ತನ್ನ ಎರಡೂ ಕೈಗಳ ನಡುವೆ ಹಿಡಿದುಕೊಂಡಳು.

"ನಂದೂ ಹಿಂಗ ನಡಗ್ತಿತ್ತವ್ವ. ನಮ್ಮ ಕ್ವಾರ್ಟ್ರಸ್ಸಿನ್ಯಾಗ ಒಂದು ಭಾಂಡೆನೂ ನೆಟ್ಟಗಿಲ್ಲ, ಎಲ್ಲಾ ಗ್ವಾಡಿಗಿ ಒಗದೀನಿ. ಗಂಡ ತಲಿಗಿ ಗಣಿ ಟೋಪಿ ಹಾಕ್ಕೊಂಡು ಉಣ್ತಿದ್ದ."

ನಾನು ನಕ್ಕೆ. ನಗುತ್ತ ನಗುತ್ತ ಅಳು ಬಂತು. ನೀನು ಯಾರನ್ನು ಹೊಡೆದೆ ಎಂದು ಅವಳು ಕೇಳಲಿಲ್ಲ. ನನ್ನ ಟೋಕನ್ ಕೂಗುವವರೆಗೆ ಕೈ ಬಿಡಲೂ ಇಲ್ಲ. ಆ ಆರು ತಿಂಗಳಲ್ಲಿ ಹೆದರದೆ ನನ್ನ ಕೈ ಹಿಡಿದವಳು ಅವಳೊಬ್ಬಳೇ, ಹೆಸರು ಕೇಳುವುದನ್ನೂ ಮರೆತೆ.

ರಿಪೋರ್ಟ್ ಬಂದ ಮೇಲೆ ಸಿಂಧನೂರಿನಲ್ಲೇ ಒಬ್ಬ ಡಾಕ್ಟರು ಚಿಕಿತ್ಸೆ ಶುರು ಮಾಡಿದರು. ಗಂಟಲಿನ ಗ್ರಂಥಿ ಮಿತಿ ಮೀರಿ ಕೆಲಸ ಮಾಡುತ್ತಿದೆ, ಇಷ್ಟು ದಿನ ಹೃದಯ ಹೇಗೆ ತಡೆಯಿತೋ ಎಂದರು. ಸಿಟ್ಟು ಬರುತ್ತಿತ್ತಾ ಎಂದು ಕೇಳಿ, ಉತ್ತರಕ್ಕೆ ಕಾಯದೆ, "ಬಂದೇ ಬರುತ್ತದೆ, ಇದರಲ್ಲಿ ಅದೂ ಒಂದು" ಎಂದರು. ಆ ಮಾತು ಕೇಳಿ ನನಗೆ ಹೋದ ಜೀವ ಬಂದಂತಾಯಿತು. ಜೀವಕ್ಕೆ ಅಪಾಯವಿದೆ ಎಂದು ಹೇಳುತ್ತಿರುವ ಡಾಕ್ಟರ ಎದುರು ಕೂತು ನಾನು ಒಳಗೊಳಗೇ ಹಿಗ್ಗುತ್ತಿದ್ದೆ.

ಮನೆಗೆ ಬಂದ ಅರ್ಧ ಗಂಟೆಯಲ್ಲಿ ಅಮರೇಶ ನನ್ನನ್ನು ಖುಲಾಸೆ ಮಾಡಿದ. "ಹೊಡದಾಕಿ ನೀ ಅಲ್ಲ ಬಿಡು, ಗಂಟಲಾಗಿನ ಗಡ್ಡಿ ಹೊಡದೈತಿ" ಎಂದ. ಅತ್ತೆ ಓಣಿಗೆಲ್ಲ ಹೇಳಿ ಬಂದಳು. ತಾನು ಓಡಿದ್ದು ಸೊಸೆಗೆ ಹೆದರಿಯಲ್ಲ, ರೋಗಕ್ಕೆ ಹೆದರಿ ಎಂದು ಅವಳಿಗೂ ಸಮಾಧಾನವಾಯಿತು. ವಾರದ ಮೇಲೆ ಹುಲಿಗೆಮ್ಮ ಸ್ವತಃ ಬಂದಳು. ಜೊತೆಗೆ ರೇಣುಕಾ, ಮುಖ ಊದಿಕೊಂಡು, ತುಟಿಯ ಸಂದಿಯಲ್ಲಿ ತಂತಿ ಹೊಳೆಯುತ್ತಿತ್ತು.

"ನಿಮಗ ಬ್ಯಾನಿ ಇತ್ತಂತಲ್ರಿ ಮಿಸ್, ಪಾಪ. ನಮಗೇನ್ ಗೊತ್ತು? ಇಕಿ ದವಡಿ ಹೆಂಗೂ ಕೂಡತೈತಿ. ನೀವು ಜ್ವಾಕಿ ಮಾಡ್ಕೋರಿ" ಎಂದು ಹುಲಿಗೆಮ್ಮ ನನ್ನ ಗಲ್ಲ ಸವರಿದಳು. "ಬಿದ್ದಾಗ ಪಕ್ಕಡಿ ಎಲುಬಿಗೂ ಸಿಮೆಂಟ್ ಬಡದೈತ್ರಿ, ಇಷ್ಟಗಲ ಹಸರಗಟ್ಟೈತಿ. ಅದೂ ಇಳ್ಯಾಕತ್ತೈತಿ ಬಿಡ್ರಿ."

ರೇಣುಕಾ ಸ್ಟ್ರಾ ಹಾಕಿ ಮಜ್ಜಿಗೆ ಕುಡಿಯುತ್ತಿದ್ದಳು. ಅವಳು ಸ್ಟ್ರಾ ಬಿಟ್ಟು ನನ್ನ ಮುಖ ನೋಡಿದಳು. ಸಿಮೆಂಟು ಬಡಿದಿದ್ದಲ್ಲ ಎಂದು ಹೇಳಲು ಅವಳಿಗೆ ಬಾಯಿ ಇರಲಿಲ್ಲ, ಬಾಯಿ ಇದ್ದ ನಾನು ಇನ್ನೊಂದು ಲೋಟ ಮಜ್ಜಿಗೆ ತಂದುಕೊಟ್ಟೆ.

ಗುಳಿಗೆ ಮೂರು ವಾರದಲ್ಲಿ ಕೆಲಸ ತೋರಿಸಿತು. ಕೈಯ ನಡುಕ ನಿಂತಿತು, ಎದೆಯ ಢವಢವ ನಿಂತಿತು. ಅದರ ಜೊತೆ ನನ್ನ ವೇಗವೂ ಹೋಯಿತು. ಒಂದು ಸಂಜೆ ಅಂಗಳದಲ್ಲಿ ಒಬ್ಬಳೇ ಒದೆ ಹಾಕಿ ನೋಡಿದೆ, ಕಾಲಿಗೆ ಹೆಸರುಕಾಳಿನ ಮೂಟೆ ಕಟ್ಟಿದಂತಿತ್ತು. ರಾಜ್ಯ ಮಟ್ಟದ ಪಂದ್ಯ ಹತ್ತಿರ ಬರುತ್ತಿತ್ತು. ಮಾಸ್ಟರ್ ಲಿಂಗಸೂಗೂರಿನಿಂದ ಫೋನ್ ಮಾಡಿ, "ಅದೊಂದು ಮುಗೀಲಿ, ಆಮ್ಯಾಲೆ ಗುಳಿಗಿ ತಗೊಂಡ್ರಾತು. ಆ ನೋಟ ಮತ್ತ ಬರಂಗಿಲ್ಲ ಮಾದೇವಿ" ಎಂದರು. ಹೇಳುವವರು ಹೇಳಿದರು, ಕೇಳುವವಳಿಗೆ ಬುದ್ಧಿ ಎಲ್ಲಿ ಹೋಗಿತ್ತು? ಒಂದು ಮಗುವಿನ ದವಡೆ ಮುರಿದ ಮೇಲೂ ನನಗೆ ಆ ರೋಗವೇ ಬೇಕಾಗಿತ್ತು. ನನ್ನ ಜೀವಮಾನದಲ್ಲೇ ನಾನು ಅಷ್ಟು ಚೆನ್ನಾಗಿ ಹೊಡೆದಿರಲಿಲ್ಲ. ಗುಳಿಗೆಯನ್ನು ಬಾಯಿಗೆ ಹಾಕಿದಂತೆ ಮಾಡಿ ಬಚ್ಚಲಿಗೆ ಉಗುಳತೊಡಗಿದೆ. ಮರೆತೋ ಸೊಕ್ಕಿನಿಂದಲೋ ಯಾರೂ ಈ ಕೆಲಸ ಮಾಡಬೇಡಿ.

ಹತ್ತನೇ ದಿನ ಮಟಮಟ ಮಧ್ಯಾಹ್ನ ಅಂಗಳದಲ್ಲೇ ಬಿದ್ದೆ. ಮೈ ಕೆಂಡವಾಗಿತ್ತು, ವಾಂತಿ ನಿಲ್ಲಲಿಲ್ಲ. ಹೃದಯ ಬಾಯಿಗೆ ಬಂದಿದೆ, ಉಗುಳಿದರೆ ಹೊರಗೆ ಬೀಳುತ್ತದೆ ಎನ್ನುತ್ತ ಹಲ್ಲು ಕಚ್ಚುತ್ತಿದ್ದೆನಂತೆ. ಆಸ್ಪತ್ರೆಯಲ್ಲಿ ಸೂಜಿ ಚುಚ್ಚಲು ಬಂದ ನರ್ಸಿನ ಎದೆಗೆ ಒದ್ದೆನಂತೆ, ಅವಳು ಟ್ರೇ ಸಮೇತ ಗೋಡೆಗೆ ಹೋಗಿ ಬಿದ್ದಳಂತೆ. ನಾಲ್ಕು ಜನ ಹಿಡಿದು ನನ್ನ ಕೈಕಾಲನ್ನು ಬ್ಯಾಂಡೇಜ್ ಬಟ್ಟೆಯಿಂದ ಮಂಚಕ್ಕೆ ಕಟ್ಟಿದರು. ನನಗೆ ನೆನಪಿರುವುದು ಇಷ್ಟೇ, ಯಾರೋ ಹಣೆಗೆ ಒದ್ದೆ ಬಟ್ಟೆ ಇಡುತ್ತಿದ್ದರು, ಒಣಗಿದಂತೆ ತೆಗೆದು ಮತ್ತೆ ಇಡುತ್ತಿದ್ದರು. ಎರಡು ದಿನ ಹಾಗೆ ಮಾಡಿದವಳು ನನ್ನ ಅತ್ತೆ. ಕಟ್ಟಿದ ಕೈ ಎಷ್ಟೇ ಕಿತ್ತಾಡಿದರೂ ಅವಳು ಈ ಸಲ ಓಡಲಿಲ್ಲ.

ಮೂರನೇ ದಿನ ಎಚ್ಚರವಾದಾಗ ಅಮರೇಶ ಮಂಚದ ಪಕ್ಕ ಕೂತಿದ್ದ. ಕೆನ್ನೆಯ ಮೇಲೆ ಗಾಜಿನ ಗಾಯದ ಗೆರೆ. ಅತ್ತೆಯನ್ನು ಚಹಾ ತರಲು ಹೊರಗೆ ಕಳಿಸಿ, ತಗ್ಗಿದ ದನಿಯಲ್ಲಿ ಕೇಳಿದ.

"ಬಿದ್ದ ಮ್ಯಾಲೆ ಒದ್ದಿಯೇನು ಆ ಹುಡುಗೀನ?"

ಜ್ವರದಲ್ಲಿ ಎಲ್ಲ ಬಡಬಡಿಸಿದ್ದೆ. ಹೌದು ಎಂದೆ.

"ಗೊತ್ತಾಗಲಾರದ ಒದ್ದಿ. ಬ್ಯಾನಿ."

"ಗೊತ್ತಿದ್ದೇ ಒದ್ದೀನಿ."

ಅವನು ಬಾಗಿಲ ಕಡೆ ನೋಡಿದ. "ಈಗ ಯಾಕ ಮೈಮ್ಯಾಲೆ ಎಳಕೊಂತಿ? ಡಾಕ್ಟ್ರು ಬರದು ಕೊಟ್ಟಾರ. ಹುಲಿಗೆಮ್ಮಗೂ ಸಿಟ್ಟಿಲ್ಲ. ಹುಡುಗ್ಯಾರೂ ಹೇಳಂಗಿಲ್ಲ. ನೀನೂ ಹೇಳಬ್ಯಾಡ."

ನನ್ನ ಕೈಗೆ ಕಟ್ಟಿದ್ದ ಬಟ್ಟೆಯ ಗಂಟನ್ನು ಅವನೇ ಬಿಚ್ಚಿದ. ಒಳ್ಳೆಯ ಮನುಷ್ಯ. ನನ್ನ ಮೇಲಿನ ಪ್ರೀತಿಗೇ ಹಾಗೆ ಹೇಳಿದ, ನಾನೂ ಅವನ ಮಾತು ಕೇಳಿದೆ.

ಆಮೇಲೆ ಗುಳಿಗೆ ತಪ್ಪಿಸಲಿಲ್ಲ. ರಾಜ್ಯ ಮಟ್ಟದ ಪಂದ್ಯ ನಾನಿಲ್ಲದೆ ನಡೆಯಿತು. ಕ್ಲಾಸು ಮುಚ್ಚಿದೆ. ರೇಣುಕಾಳ ತಂತಿ ಬಿಚ್ಚುವ ದಿನ ಹತ್ತಿರ ಬಂದಂತೆ ದಿನ ಎಣಿಸತೊಡಗಿದೆ. ಬಿಚ್ಚಿದ ದಿನ ಬೆಳಗಿನಿಂದ ಬಾಗಿಲು ನೋಡುತ್ತ ಕೂತೆ. ಹುಲಿಗೆಮ್ಮ ಬರುತ್ತಾಳೆ, ಜನ ಕರೆದುಕೊಂಡು ಬರುತ್ತಾಳೆ, ಪೊಲೀಸರೂ ಬರಬಹುದು. ಯಾರೂ ಬರಲಿಲ್ಲ. ಒಂದು ವಾರವಾಯಿತು. ರೇಣುಕಾಳ ಬಾಯಿ ಬಿಚ್ಚಿದರೂ ಗುಟ್ಟು ಬಿಚ್ಚಲಿಲ್ಲ. ಅವಳು ಹೇಳಿದ್ದರೆ ನಾನು ತಪ್ಪೊಪ್ಪಿಕೊಂಡು ಹಗುರಾಗುತ್ತಿದ್ದೆ. ಹದಿನಾಲ್ಕು ವರ್ಷದ ಹುಡುಗಿ ನನ್ನ ಸುಳ್ಳನ್ನು ತನ್ನ ಬಾಯಲ್ಲಿ ಇಟ್ಟುಕೊಂಡು ಮೆತ್ತಗಿನ ಅನ್ನ ನುಂಗುತ್ತಿದ್ದಾಳೆ ಎಂಬುದನ್ನು ನನಗೆ ತಡೆಯಲಾಗಲಿಲ್ಲ.

ತಪಾಸಣೆಗೆ ಹೋದಾಗ ಡಾಕ್ಟರನ್ನು ಕೇಳಿಯೇಬಿಟ್ಟೆ.

"ಸರ್, ಮೊದಲನೇ ಏಟು ಈ ರೋಗದಿಂದ ಅಂತೀರಿ. ಆಕಿ ಬಿದ್ದ ಮ್ಯಾಲೆ ಹೊಡದ ಎರಡನೇದು?"

ಡಾಕ್ಟರು ರಿಪೋರ್ಟನ್ನು ಹಿಂದೆ ಮುಂದೆ ತಿರುವಿದರು. ವಯಸ್ಸಾದವರು, ಸುಳ್ಳು ಹೇಳಿ ಕಳಿಸಬಹುದಿತ್ತು. "ಸಿಟ್ಟು ಎಷ್ಟಿತ್ತು ಅಂತ ಇದರಲ್ಲಿ ಅಂದಾಜು ಮಾಡಬಹುದಮ್ಮ. ಅದರಲ್ಲಿ ನಿಮ್ಮದೆಷ್ಟು, ರೋಗದ್ದೆಷ್ಟು ಅಂತ ಬರೋದಿಲ್ಲ" ಎಂದರು.

ಅಲ್ಲಿಂದ ಮನೆಗೆ ಹೋಗಲಿಲ್ಲ. ಗೊರೇಬಾಳದ ಆಟೋ ಹತ್ತಿದೆ. ಕಾಲುವೆಗೆ ನೀರು ಬಿಟ್ಟಿದ್ದರು, ದಾರಿಯ ಎರಡೂ ಕಡೆ ನಾಟಿ ನಡೆದಿತ್ತು. ಹುಲಿಗೆಮ್ಮ ಆಗ ತಾನೇ ಗದ್ದೆಯಿಂದ ಬಂದು ಮನೆಯ ಮುಂದಿನ ಕಲ್ಲಿನ ಮೇಲೆ ನಿಂತು ಮೊಣಕಾಲಿನ ಕೆಸರು ತೊಳೆಯುತ್ತಿದ್ದಳು.

"ಬರ್ರಿ ಮಿಸ್, ಬರ್ರಿ. ಆರಾಮದೀರೇನ್ರಿ? ರೇಣುಕಾ, ಚಾಪಿ ಹಾಸು, ಮಿಸ್ ಬಂದಾರ."

"ಚಾಪಿ ಬ್ಯಾಡಕ್ಕ. ನಿಂತ ಹೇಳ್ತೀನಿ" ಎಂದೆ. 

ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತೆಲ್ಲ ಮರೆತುಹೋಗಿತ್ತು. ರೋಗದಿಂದ ಶುರು ಮಾಡೋಣ ಎಂದುಕೊಂಡಿದ್ದೆ, ಆ ಹೆಸರನ್ನೇ ಎತ್ತಲಿಲ್ಲ. "ಪಕ್ಕಡಿಗೆ ಬಡದಿದ್ದು ಸಿಮೆಂಟ್ ಅಲ್ಲಕ್ಕ. ನಿನ್ನ ಮಗಳು ಬಿದ್ದಿದ್ಲು, ಬಾಯಾಗ ರಕ್ತ ಬರಾಕತ್ತಿತ್ತು, ನನ್ನ ನೋಡಾಕತ್ತಿದ್ಲು. ಆವಾಗ ನಾ ಒದ್ದೆ. ಗೊತ್ತಿದ್ದು ಒದ್ದೆ. ದವಾಖಾನ್ಯಾಗ ನೀ ಆಟದಾಗ ತಾಗೈತಿ ಅಂದಾಗ ಹೌದಂತ ತಲಿ ಆಡ್ಸಿದೆ."

ಹುಲಿಗೆಮ್ಮ ಕೈಯಲ್ಲಿದ್ದ ಚೊಂಬನ್ನು ಕೆಳಗಿಟ್ಟಳು. ಬಾಗಿಲಲ್ಲಿ ಚಾಪೆ ಹಿಡಿದು ನಿಂತಿದ್ದ ಮಗಳ ಕಡೆ ತಿರುಗಿ, "ಖರೇನೇನ?" ಎಂದಳು. ರೇಣುಕಾ ತಲೆ ತಗ್ಗಿಸಿದಳು.

ಹೊಡೆತ ಬರುವುದು ನನಗೆ ಕಂಡಿತು. ಇಪ್ಪತ್ತು ವರ್ಷ ಅದನ್ನೇ ಕಲಿತು ಕಲಿಸಿದ್ದೇನೆ. ಭುಜ ಅಲುಗಿದಾಗಲೇ ನನ್ನ ಎಡಗೈ ತಾನಾಗಿ ತಡೆಯಲು ಎದ್ದಿತು. ಅದನ್ನು ಕೆಳಗಿಳಿಸಿದೆ. ನಾಟಿ ಮಾಡುವವಳ ಒದ್ದೆ ಕೈ ಕೆನ್ನೆಗೆ ಬಿತ್ತು. ಕಿವಿ ಗುಂಯ್ ಎಂದಿತು, ಕಪಾಳದ ಒಳಗೆ ಹಲ್ಲು ಕಚ್ಚಿ ರಕ್ತದ ರುಚಿ ಬಂತು.

"ನನಗ ಯಾವ ಬ್ಯಾನಿನೂ ಇಲ್ಲ" ಎಂದಳು ಹುಲಿಗೆಮ್ಮ. ಅವಳ ಮಾತಿನಿಂದ ಮಿಸ್ ಹೋಗಿತ್ತು, ರೀ ಹೋಗಿತ್ತು. "ಇದು ನಾ ಹೊಡದಿದ್ದು. ತಿಳೀತೇನ ನಿನಗ? ನಾ ಹೊಡದಿದ್ದು!"

ತಿಳಿಯಿತು ಎಂದೆ. ಅವಳ ಕಣ್ಣಲ್ಲಿ ನೀರು ತುಂಬಿತ್ತು. ಅವಳು ಮತ್ತೆ ಕೈ ಎತ್ತಿದಳು. ನಾನು ಮುಖ ಸರಿಸಲಿಲ್ಲ.

ಚಾಪೆ ಬಿದ್ದ ಸಪ್ಪಳವಾಯಿತು. ರೇಣುಕಾ ಓಡಿ ಬಂದು ತಾಯಿಯ ಮುಂಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ದವಡೆ ಇನ್ನೂ ಸಡಿಲಾಗಿರಲಿಲ್ಲ, ಮಾತು ಹಲ್ಲಿನ ಸಂದಿಯಿಂದ ಬಂತು.

"ಒಂದ ಸಾಕವ್ವ. ಎರಡನೇದು ಬ್ಯಾಡ."

ನನ್ನ ಕಡೆ ಅವಳು ನೋಡಲಿಲ್ಲ. ತಾಯಿಯ ಕೈ ಇಳಿಯುವವರೆಗೆ ಹಾಗೇ ಹಿಡಿದುಕೊಂಡಿದ್ದಳು.